ಸಾಯುವ ಮುನ್ನ ಕಾಯುವ ನರಕೋಶಗಳು

ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಹೋದ ಮಗು ಹುಟ್ಟಿದಾಗ ಅಳುವುದಿಲ್ಲ. ವೈದ್ಯರು ಉಸಿರು ಕೊಡುತ್ತಾರೆ, ಎದೆಬಡಿತ ಚೇತರಿಸುತ್ತದೆ, ಮೈಬಣ್ಣ ತಿರುಗುತ್ತದೆ. ಮಿದುಳಿಗೆ ಆಗಬೇಕಾದ ಹಾನಿ ಅಷ್ಟರಲ್ಲೇ ಆಗಿಹೋಗಿರುತ್ತದೆ ಎಂದು ಬಹುಕಾಲ ನಂಬಿದ್ದರು. 1980ರ ದಶಕದಲ್ಲಿ ಲಂಡನ್ನಿನ ಆಸ್ಮಂಡ್ ರೆನಾಲ್ಡ್ಸ್ ಅವರ ತಂಡ ಇಂಥ ಶಿಶುಗಳ ಮಿದುಳಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಅಳೆಯಿತು. ಕಂಡದ್ದೇ ಬೇರೆ! ಮೊದಲ ದಿನ ಎಲ್ಲ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಆಮೇಲೆ, ಆಮ್ಲಜನಕ ಬೇಕಾದಷ್ಟು ಸಿಗುತ್ತಿರುವಾಗಲೇ, ಆ ಶಕ್ತಿ ಕುಸಿಯತೊಡಗಿತು.

ಅಂದರೆ ಮೊದಲ ಪೆಟ್ಟಿಗೂ ಎರಡನೆಯದಕ್ಕೂ ನಡುವೆ ಕೆಲವು ಗಂಟೆಗಳಿವೆ. ಅಷ್ಟು ಹೊತ್ತು ಎಷ್ಟೋ ನರಕೋಶಗಳು ಸತ್ತಿರುವುದಿಲ್ಲ. ಸಾಯಬೇಕೋ ಬದುಕಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿರುವುದಿಲ್ಲ!

ಅವಕ್ಕೆ 'ಬದುಕು' ಎಂದು ಹೇಳಬಲ್ಲದ್ದು ಯಾವುದು? ಉತ್ತರದ ಎಳೆ ಇಟಲಿಯ ಟ್ಯೂರಿನ್‌ನ ಒಂದು ಮಲಗುವ ಕೋಣೆಯಲ್ಲಿದೆ. ಮುಸೊಲಿನಿಯ ಜನಾಂಗೀಯ ಕಾನೂನು ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ಯಹೂದಿ ವೈದ್ಯೆಯನ್ನು ವಿಶ್ವವಿದ್ಯಾಲಯದಿಂದ ಹೊರಗಟ್ಟಿತು. ಆಕೆ ಹೊಲಿಗೆ ಸೂಜಿಗಳನ್ನೇ ಮಸೆದು ಉಪಕರಣ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣಗಳ ನರಗಳನ್ನು ಬಿಡಿಸಿ ನೋಡುತ್ತಾ ಕೂತರು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಆ ಕೆಲಸ ಮುಂದುವರಿಸಿ, ನರಗಳನ್ನು ಬೆಳೆಸಿ ಬದುಕಿಸುವ ಒಂದು ಪ್ರೋಟೀನು ಇದೆ ಎಂದು ತೋರಿಸಿದರು. ಅದೇ ನರ ಬೆಳವಣಿಗೆ ಅಂಶ. 1986ರ ನೊಬೆಲ್ ಪ್ರಶಸ್ತಿಯನ್ನು ಅವರು ಸ್ಟ್ಯಾನ್ಲಿ ಕೋಹೆನ್ ಜೊತೆ ಹಂಚಿಕೊಂಡರು. ಇದೇ ಬಗೆಯ ಇನ್ನಷ್ಟು ಅಂಶಗಳು ಒಂದೊಂದಾಗಿ ಸಿಕ್ಕವು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಪೀಟರ್ ಗ್ಲಕ್‌ಮನ್ ಅವರ ತಂಡ, ಪೆಟ್ಟು ಬಿದ್ದು ಎರಡು ಗಂಟೆಯಾದ ಮೇಲೆ ಕುರಿಯ ಭ್ರೂಣಗಳಿಗೆ ಐಜಿಎಫ್-1 ಎಂಬ ಅಂಥದೊಂದು ಅಂಶವನ್ನು ಕೊಟ್ಟಿತು. ಸಾಯುತ್ತಿದ್ದ ನರಕೋಶಗಳಲ್ಲಿ ಒಂದಷ್ಟು ಉಳಿದವು!

ಇನ್ನೂ ಬೆರಗಿನದು ಎರಿತ್ರೋಪೊಯೆಟಿನ್, ಅಂದರೆ ಇಪಿಒ. ರಕ್ತದ ಕೆಂಪು ಕಣಗಳನ್ನು ಹೆಚ್ಚಿಸೆಂದು ಮೂತ್ರಪಿಂಡ ಕಳಿಸುವ ಹಾರ್ಮೋನು ಅದು. ಡಯಾಲಿಸಿಸ್ ರೋಗಿಗಳಿಗೆ ಕೊಡುವ ಇಂಜೆಕ್ಷನ್ನೂ ಅದೇ. ಮಿದುಳಿಗೂ ಅದಕ್ಕೂ ಏನು ನಂಟು? ನರಕೋಶಗಳಲ್ಲಿ ಅದನ್ನು ಗುರುತಿಸುವ ಗ್ರಾಹಕಗಳಿವೆ! ಆಮ್ಲಜನಕ ಕಡಿಮೆಯಾದಾಗ ಮಿದುಳು ತಾನೇ ಅದನ್ನು ತಯಾರಿಸಿಕೊಳ್ಳುತ್ತದೆ! ಇಲಿಮರಿಗಳಲ್ಲಿ ಅದು ಮಿದುಳನ್ನು ಕಾಯಿತು. ಶ್ರೀನಗರದ ವೈದ್ಯರು 100 ಶಿಶುಗಳಲ್ಲಿ ಅದೊಂದನ್ನೇ ಕೊಟ್ಟು ನೋಡಿ 2017ರಲ್ಲಿ ಪ್ರಕಟಿಸಿದರು: ಸಾವು ಅಥವಾ ಮಧ್ಯಮದಿಂದ ತೀವ್ರ ಮಟ್ಟದ ನ್ಯೂನತೆ ಔಷಧವಿಲ್ಲದ ಗುಂಪಿನಲ್ಲಿ 70%, ಔಷಧ ಪಡೆದವರಲ್ಲಿ 40%.

ಆಮೇಲೆ ಬಂತು ಅಮೆರಿಕದ 'ಹೀಲ್' ಪರೀಕ್ಷೆ. 500 ಶಿಶುಗಳು. ಎಲ್ಲಕ್ಕೂ ಅಲ್ಲಿನ ರೂಢಿಯ ಚಿಕಿತ್ಸೆ, ಅಂದರೆ 72 ಗಂಟೆ ಮೈಯನ್ನು 33.5 ಡಿಗ್ರಿಗೆ ತಂಪಾಗಿಸುವುದು. ಅದರ ಜೊತೆಗೆ ಅರ್ಧದಷ್ಟು ಮಕ್ಕಳಿಗೆ ಇಪಿಒ. 2022ರಲ್ಲಿ ಬಂದ ಉತ್ತರ: ಪ್ರಯೋಜನವಿಲ್ಲ, ಅಡ್ಡಪರಿಣಾಮಗಳೂ ಹೆಚ್ಚು. ಓದಿದಾಗ ನನಗೆ ಸಂಕಟವಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ ಸುಧಿನ್ ತಯ್ಯಿಲ್ ಅವರ ನೇತೃತ್ವದಲ್ಲಿ ನಡೆದ 'ಹೆಲಿಕ್ಸ್' ಪರೀಕ್ಷೆ, ಇಲ್ಲಿನ ಶಿಶುಗಳಿಗೆ ಆ ತಂಪೇ ಕೆಡುಕೆಂದು ತೋರಿಸಿತ್ತು. ಬೆಂಗಳೂರಿನ ಮಕ್ಕಳೂ ಅದರಲ್ಲಿದ್ದರು. ತಂಪಾಗಿಸಿದವರಲ್ಲಿ 42% ಮಂದಿ ಸತ್ತರು, ತಂಪಾಗಿಸದವರಲ್ಲಿ 31%. ಒಂದೇ ಹೆಸರಿನ ಕಾಯಿಲೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಬಗೆ, ಇಲ್ಲಿ ಇನ್ನೊಂದು ಬಗೆ! ಹಾಗಾದರೆ ಅಲ್ಲಿ ತಂಪಿನ ಜೊತೆ ಸೋತ ಇಪಿಒ, ತಂಪಿಲ್ಲದೆ ಇಲ್ಲಿ ಗೆಲ್ಲಬಹುದೇ? ಅದನ್ನು ತಿಳಿಯಲೆಂದೇ ತಯ್ಯಿಲ್ ತಂಡ 'ಎಂಬ್ರೇಸ್' ಪರೀಕ್ಷೆಯನ್ನು ಕೈಗೆತ್ತಿಕೊಂಡಿತು.

ಇಂಥ ಪರೀಕ್ಷೆಗಳಿಗೆ ಮಗು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಒಪ್ಪಿಗೆ ಕೊಡಬೇಕಾದವರು ಅಪ್ಪ ಅಮ್ಮ. ಅಷ್ಟು ಸಂಕಟದಲ್ಲೂ ಸಹಿ ಹಾಕಿದವರಿಗೆ ನಾವೆಲ್ಲ ಋಣಿಗಳು. ಅವರ ಮಕ್ಕಳಿಂದ ಸಿಗುವ ಉತ್ತರ ಖಚಿತವಾಗುವವರೆಗೆ ಇಪಿಒ ಪರೀಕ್ಷೆಯ ಔಷಧವಾಗಿಯೇ ಇರಬೇಕು, ವಾರ್ಡಿನ ಮಾಮೂಲಿ ಇಂಜೆಕ್ಷನ್ ಆಗಬಾರದು.