ಕಿಸಾನ್ ಹಣದ ಪಟ್ಟಿಯನ್ನು ಊರವರು ಓದಬೇಕು

ಕೇಂದ್ರ ಸರಕಾರವು ೨೦೧೯ರಿಂದ ಹಿಡುವಳಿದಾರ ರೈತ ಕುಟುಂಬಕ್ಕೆ ವರ್ಷಕ್ಕೆ ೬,೦೦೦ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುತ್ತ ಬಂದಿರುವುದು ತಾಳವಾಡಿ, ಹೊಸೂರು ಕಡೆಯ ನಮ್ಮ ರೈತಬಾಂಧವರಿಗೆ ಹೊಸ ಸಂಗತಿಯಲ್ಲ. ಹಣವು ನೇರವಾಗಿ ಬ್ಯಾಂಕಿನ ಖಾತೆಗೇ ಬೀಳುತ್ತದೆ, ನಡುವೆ ಕೈಚಾಚುವವರಿಲ್ಲ. ಏರ್ಪಾಡು ಒಳ್ಳೆಯದೇ. ಆದರೆ ಹಾಗೆ ಸದ್ದಿಲ್ಲದೆ ಬೀಳುವ ಹಣವು ಯಾರಿಗೆ ಸಂದಿತು, ಯಾರಿಗೆ ತಪ್ಪಿತು ಎಂಬುದು ನೆರೆಮನೆಯವನಿಗೂ ತಿಳಿಯದೆ ಹೋಗುತ್ತದೆ.

ಇದರಿಂದ ಏನಾಗಬಹುದೆಂಬುದನ್ನು ನಮ್ಮ ತಮಿಳುನಾಡೇ ೨೦೨೦ರಲ್ಲಿ ಕಂಡಿತು. ಕೊರೋನಾದ ಆ ದಿನಗಳಲ್ಲಿ ಅರ್ಜಿಗಳ ತಪಾಸಣೆ ಸಡಿಲವಾಗಿತ್ತು. ಕಳ್ಳಕುರಿಚ್ಚಿ, ವಿಲ್ಲುಪುರಂ, ಕಡಲೂರು ಮೊದಲಾದ ಜಿಲ್ಲೆಗಳಲ್ಲಿ ಕಛೇರಿಯ ಪಾಸ್‌ವರ್ಡುಗಳು ದಲ್ಲಾಳಿಗಳ ಕೈಸೇರಿದವು. ಗೇಣು ನೆಲವಿಲ್ಲದವರೂ ಕಾಗದದ ಮೇಲೆ ರೈತರಾದರು. ಐದು ಲಕ್ಷಕ್ಕೂ ಮಿಕ್ಕಿದ ಅನರ್ಹರ ಖಾತೆಗಳಿಗೆ ಸುಮಾರು ೧೧೦ ಕೋಟಿ ರೂಪಾಯಿ ಹೋಯಿತು. ಬಳಿಕ ಸಿ.ಬಿ.ಸಿ.ಐ.ಡಿ. ತನಿಖೆ, ಬಂಧನ, ನೌಕರರ ವಜಾ, ವಸೂಲಿ ಎಲ್ಲವೂ ನಡೆದವು. ಯಾರಿಗೆ ಎಷ್ಟು ಹೊಲವಿದೆ, ಯಾರಿಗೆ ಇಲ್ಲ ಎಂಬುದನ್ನು ಹಳ್ಳಿಯಲ್ಲಿ ಯಾರೂ ಪೋಲೀಸರಿಂದ ತಿಳಿಯಬೇಕಾಗಿಲ್ಲ. ಆ ಪಟ್ಟಿಯನ್ನು ಒಂದು ಸಂಜೆ ಅರಳಿಕಟ್ಟೆಯಲ್ಲಿ ಓದಿದ್ದರೆ ಸಾಕಾಗುತ್ತಿತ್ತು.

ದೇಶದ ಲೆಕ್ಕವೂ ಹೀಗೆಯೇ. ೨೦.೪೮ ಲಕ್ಷ ಅನರ್ಹರಿಗೆ ೧,೩೬೪ ಕೋಟಿ ರೂಪಾಯಿ ಸಂದಿದೆಯೆಂದು ೨೦೨೧ರ ಜನವರಿಯಲ್ಲಿ ಹೊರಬಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆ ಕಟ್ಟುವವರು! ಈ ಲೆಕ್ಕವೂ ತಾನಾಗಿ ಬಂದುದಲ್ಲ, ಮಾಹಿತಿ ಹಕ್ಕಿನಡಿ ಒಬ್ಬರು ಕೇಳಿದ್ದರಿಂದ ಬಂದುದು.

ಪಟ್ಟಿಯನ್ನು ಗ್ರಾಮದಲ್ಲಿ ಪ್ರಕಟಿಸಬೇಕೆಂದು ಯೋಜನೆಯ ನಿಯಮಗಳೇ ಹೇಳುತ್ತವೆ. ಸಹಾಯಧನ ಪಡೆದವರ ವಿವರವನ್ನು ಯಾರೂ ಕೇಳುವ ಮುನ್ನವೇ ಸರಕಾರವು ಹೊರಗಿಡತಕ್ಕದ್ದೆಂದು ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ೪ನೆಯ ಕಲಮು ವಿಧಿಸಿದೆ. ಯೋಜನೆಯ ಜಾಲತಾಣದಲ್ಲಿ ಜಿಲ್ಲೆ, ತಾಲೂಕು, ಗ್ರಾಮ ಎಂದು ಆರಿಸುತ್ತ ಹೋದರೆ ನಮ್ಮೂರಿನ ಹೆಸರುಗಳು ಸಿಕ್ಕುತ್ತವೆ. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ! ಕನ್ನಡವೊಂದನ್ನೇ ಓದಬಲ್ಲ ನಮ್ಮ ಹಿರಿಯರಿಗೆ ಅದು ಇದ್ದೂ ಇಲ್ಲದಂತೆ. ಓದು ಕಲಿತ ಹುಡುಗ ಹುಡುಗಿಯರು ಅದನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಗೆ ತರಲಿ. ತಮಿಳುನಾಡಿನಲ್ಲಿ ಗ್ರಾಮಸಭೆಯು ವರ್ಷಕ್ಕೆ ಆರು ಸಲ ಸೇರತಕ್ಕದ್ದು. ಆಗಸ್ಟ್ ೧೫, ಅಕ್ಟೋಬರ್ ೨ ಅವುಗಳಲ್ಲಿ ಎರಡು.

ಹೆಸರು ಓದಿದರೆ ಮರ್ಯಾದೆ ಹೋಗುವುದೆಂದು ಕೆಲವರು ಹೇಳಬಹುದು. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಮಾಹಿತಿ ಹಕ್ಕಿನ ಒಂದು ಕಲಮನ್ನು ತಿದ್ದಿ, ವೈಯಕ್ತಿಕ ವಿವರವನ್ನು ನಿರಾಕರಿಸಲು ಅಧಿಕಾರಿಗಳಿಗೆ ಹೆಚ್ಚಿನ ಎಡೆ ಮಾಡಿಕೊಟ್ಟಿದೆ. ಆಧಾರ್ ಸಂಖ್ಯೆ, ಖಾತೆಯ ಸಂಖ್ಯೆ ಗುಟ್ಟಾಗಿಯೇ ಇರಲಿ, ಅದು ನ್ಯಾಯ. ಸಾರ್ವಜನಿಕರ ಹಣ ಪಡೆದವನ ಹೆಸರು ಮಾತ್ರ ಗುಟ್ಟಾಗಬಾರದೆಂಬುದು ನಮ್ಮ ಅಭಿಪ್ರಾಯ.

ಕಳ್ಳರನ್ನು ಹಿಡಿಯುವುದಕ್ಕಿಂತಲೂ ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕುವುದು ನಮಗೆ ಮುಖ್ಯವಾಗಿ ಕಾಣುತ್ತದೆ. ಗಂಡ ತೀರಿಕೊಂಡು ಪಟ್ಟಾ ಇನ್ನೂ ಮಾವನ ಹೆಸರಿನಲ್ಲೇ ಉಳಿದಿರುವ ಹೆಂಗಸು, ಬೆರಳಚ್ಚು ಹೊಂದದೆ ಇ-ಕೆವೈಸಿ ನಿಂತುಹೋದ ಮುದುಕ, ಇಂಥವರ ಹೆಸರು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಗುತ್ತಿಗೆಗೆ ಉಳುವವನಿಗಂತೂ ಈ ಯೋಜನೆಯಲ್ಲಿ ಜಾಗವೇ ಇಲ್ಲ. ವಾರಸುದಾರರು ಮೊದಲು ಪಟ್ಟಾ ಬದಲಾವಣೆಗೆ ಅರ್ಜಿ ಕೊಡಬೇಕು. ಆಮೇಲೆ ಕೃಷಿ ಇಲಾಖೆಯ ಕಛೇರಿ. ಅಲ್ಲಿ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನ ಅರ್ಜಿ ಹಾಕತಕ್ಕದ್ದು. ಅದಕ್ಕೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಅರ್ಜಿಯ ಒಂದು ನಕಲನ್ನು ಮುದ್ರೆ ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳಿರಿ.