ಕಪ್ಪು ಟೀ ಶರ್ಟಿನ ಮೇಲೆ ಬಿಳಿ ನಿಲ್ಲಬೇಕಾದರೆ

ಕಾಲೇಜಿನ ಒಂದು ತರಗತಿಗೆ ಇಪ್ಪತ್ತು ಟೀ ಶರ್ಟ್, ಬಡಾವಣೆಯ ಹುಡುಗರಿಗೆ ರಾಜ್ಯೋತ್ಸವಕ್ಕೆಂದು ಹತ್ತು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನಂಥ ಊರುಗಳ ಪ್ರಿಂಟಿಂಗ್ ಅಂಗಡಿಗೆ ಇಂಥ ಚಿಕ್ಕ ಆರ್ಡರ್ ಬಂದಾಗ ಸ್ಕ್ರೀನ್ ಪ್ರಿಂಟ್ ಗಿಟ್ಟುವುದಿಲ್ಲ. ಬಣ್ಣಕ್ಕೊಂದು ಸ್ಕ್ರೀನ್ ಮಾಡುವ ಖರ್ಚು ಹತ್ತು ಶರ್ಟಿನಲ್ಲಿ ಹುಟ್ಟುವುದು ಕಷ್ಟ. ಕಂಪ್ಯೂಟರಿನಲ್ಲಿರುವ ಚಿತ್ರವನ್ನು ನೇರವಾಗಿ ಬಟ್ಟೆಯ ಮೇಲೇ ಮುದ್ರಿಸುವ ಡಿಟಿಜಿ ಯಂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಯಂತ್ರ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಅದರ ವೇಗ, ಬೆಲೆ, ಕಂಪನಿಯ ಹೆಸರು. ಆದರೆ ಎರಡನೇ ಒಗೆತಕ್ಕೇ ಚಿತ್ರ ಬೂದಿ ಬಣ್ಣಕ್ಕೆ ತಿರುಗುವುದೋ, ವರ್ಷಗಟ್ಟಲೆ ಉಳಿಯುವುದೋ ಎಂಬುದು ಬಹುಮಟ್ಟಿಗೆ ಬಟ್ಟೆ ಯಂತ್ರಕ್ಕೆ ಹೋಗುವ ಮುನ್ನವೇ ತೀರ್ಮಾನವಾಗಿರುತ್ತದೆ. ಮುದ್ರಣಕ್ಕೆ ಮೊದಲು ಬಟ್ಟೆಗೆ ದ್ರಾವಣ ಸಿಂಪಡಿಸಿ, ಒತ್ತಿ ಒಣಗಿಸುವ ಪ್ರೀಟ್ರೀಟ್‌ಮೆಂಟನ್ನು ಪೂರ್ವತಯಾರಿ ಎಂದು ತಳ್ಳಿಹಾಕುವಂತಿಲ್ಲ. ಡಿಟಿಜಿಯಲ್ಲಿ ಕೈಚಳಕ ಬೇಕಾಗುವ ಕಸುಬು ಅದೇ.

ಕಾರಣ ಸರಳ. ಡಿಟಿಜಿ ಶಾಯಿಯ ಬಹುಪಾಲು ನೀರು. ಅದರಲ್ಲಿ ಬಣ್ಣದ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ಹತ್ತಿಗೆ ನೀರು ಹೀರುವುದೇ ಸ್ವಭಾವ. ಕಪ್ಪು ಬಟ್ಟೆಯ ಮೇಲೆ ಯಾವ ಬಣ್ಣ ಕಾಣಬೇಕಾದರೂ ಕೆಳಗೆ ಬಿಳಿಯ ಹಾಸು ಬೇಕು. ಆ ಬಿಳಿ ಎಂದರೆ ಟೈಟಾನಿಯಂ ಡೈಆಕ್ಸೈಡ್. ಅದು ನೂಲಿನೊಳಕ್ಕೆ ಇಳಿದುಹೋದರೆ ಮೇಲೆ ಉಳಿಯುವುದು ಮಸುಕು ಮಾತ್ರ. ಅಂಗಳ ಸಾರಿಸದೆ ಧೂಳಿನ ಮೇಲೇ ರಂಗೋಲಿ ಎಳೆದ ಹಾಗೆ. ಪ್ರೀಟ್ರೀಟ್‌ಮೆಂಟ್ ದ್ರಾವಣದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಲವಣವೂ ಅಂಟುಗುಣದ ಪಾಲಿಮರೂ ಇರುತ್ತವೆ. ಶಾಯಿಯ ಹನಿ ತಾಗಿದ ಕೂಡಲೇ ಲವಣವು ಬಣ್ಣದ ಕಣಗಳನ್ನು ಗಟ್ಟಿಯಾಗಿ ಒಗ್ಗೂಡಿಸುತ್ತದೆ, ಹನಿ ಮೇಲೇ ನಿಲ್ಲುತ್ತದೆ. ಹೀಟ್ ಪ್ರೆಸ್ಸಿನ ಒತ್ತಡಕ್ಕೆ ಬಟ್ಟೆಯ ಮೇಲೆದ್ದಿರುವ ನವಿರಾದ ಎಳೆಗಳು ಮಲಗಿ ಮೈ ಸಪಾಟಾಗುತ್ತದೆ.

ಈ ತಿಳಿವಳಿಕೆ ಹೊಸದಲ್ಲ. ಶ್ರೀಕಾಳಹಸ್ತಿಯ ಕಲಂಕಾರಿ ಕುಶಲಕರ್ಮಿಗಳು ಗೆರೆ ಎಳೆಯುವ ಮುನ್ನ ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸಿ ಒಣಗಿಸುತ್ತಾರೆ. ಹಾಲಿನ ಜಿಡ್ಡು ಬಣ್ಣ ಹರಡದಂತೆ ತಡೆಯುತ್ತದೆ, ಅಳಲೆಯ ಒಗರು ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಹಿಮತ್ಸಿಂಗ್ಕಾ ಕಂಪನಿಯ ದೊಡ್ಡ ಗಿರಣಿಗಳಿವೆ. ಯಾವುದೇ ಬಟ್ಟೆ ಗಿರಣಿಯಲ್ಲಿ ನೇಯ್ದ ಹತ್ತಿಬಟ್ಟೆ ಬಣ್ಣಕ್ಕೆ ಹೋಗುವ ಮೊದಲು ಗಂಜಿ ತೆಗೆದು, ಜಿಡ್ಡು ಬಿಡಿಸಿ, ಬ್ಲೀಚ್ ಮಾಡುವುದು ವಾಡಿಕೆ. ಅಲ್ಲಿ ಯಾರೂ ಬಿಡದ ಹಂತವನ್ನು ಚಿಕ್ಕ ಅಂಗಡಿ ಬಿಡುವುದು ಸಲ್ಲದು.

ಹಂತ ಬಿಡದಿದ್ದರೂ ಅಂದಾಜಿನಲ್ಲಿ ಮಾಡಿದರೆ ಕೆಡುತ್ತದೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ನೂರಕ್ಕೆ ಸುಮಾರು 8ರಷ್ಟು ನೀರನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಂಡಿರುತ್ತದೆ. 180 ಗ್ರಾಂ ತೂಕದ ಶರ್ಟಿನಲ್ಲಿ ಅದು ಸುಮಾರು 14 ಗ್ರಾಂ. ಕಪ್ಪು ಶರ್ಟಿನ ಎದೆಯ ಮೇಲೆ 14×16 ಇಂಚಿನ ಜಾಗಕ್ಕೆ ಸಿಂಪಡಿಸಬೇಕಾದ ದ್ರಾವಣ, ತಯಾರಕರನ್ನು ಅವಲಂಬಿಸಿ, ಹೆಚ್ಚುಕಮ್ಮಿ 15ರಿಂದ 25 ಗ್ರಾಂ. ಕಣ್ಣಿಗೆ ಕಾಣದ ತೇವ ನಾವು ಹಾಕುವ ದ್ರಾವಣಕ್ಕೆ ಸರಿಗಟ್ಟುವಷ್ಟಿರುವಾಗ, ಸಿಂಪಡಿಸುವ ಮುನ್ನ ಐದು ಹತ್ತು ಸೆಕೆಂಡು ಪ್ರೆಸ್ ಮಾಡಿ ತೇವ ಕಳೆಯುವುದು ಅಗತ್ಯ. ಮಲೆನಾಡಿಗೆ ಹತ್ತಿರವಾದ ಅರಕಲಗೂಡಿನ ಕಡೆ ಮಳೆಗಾಲದಲ್ಲಂತೂ ಇದನ್ನು ಮರೆಯುವಂತಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ತಾನೇ ತೇವ ಎಳೆಯುವ ವಸ್ತುವಾದ್ದರಿಂದ, ಅದಿರುವ ದ್ರಾವಣ ಹಾಕಿ ರಾತ್ರಿಯಿಡೀ ಇಟ್ಟ ಶರ್ಟನ್ನು ಬೆಳಿಗ್ಗೆ ಮತ್ತೆ ಒಣಗಿಸಬೇಕು. ಮೂಡಲಿಗೆ, ಚನ್ನರಾಯಪಟ್ಟಣದ ಬಯಲಿನ ಕಡೆ ಸರಿದಂತೆ ತೇವದ ಕಾಟ ಇಳಿಯುತ್ತದೆ, ಆದರೆ ಬೋರ್‌ವೆಲ್ಲಿನ ಗಡಸು ನೀರಿನ ಕಾಟ ಏರುತ್ತದೆ. ಗಟ್ಟಿ ದ್ರಾವಣವನ್ನು ತೆಳು ಮಾಡಲು ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ತಿರುಪ್ಪೂರಿನಂಥ ಕಡೆಯಿಂದ ಬರುವ ಸಾದಾ ಶರ್ಟುಗಳಲ್ಲಿ ಮೃದುತ್ವಕ್ಕೆಂದು ಸಿಲಿಕೋನ್ ಹಾಕಿದ್ದರೆ ದ್ರಾವಣ ಬಟ್ಟೆಗೆ ಸಮವಾಗಿ ಹಿಡಿಯುವುದಿಲ್ಲ. ಹೊಸ ಸರಕು ಬಂದಾಗ ಒಂದು ಶರ್ಟಿನ ಮೇಲೆ ಪರೀಕ್ಷೆ ಮಾಡಿ, ಒಗೆದು ನೋಡುವುದೇ ಜಾಣತನ.

ಈಗ ಡಿಟಿಎಫ್ ಬಂದಿದೆಯಲ್ಲ, ಫಿಲ್ಮಿನ ಮೇಲೆ ಮುದ್ರಿಸಿ ಅಂಟಿನ ಪುಡಿಯಿಂದ ಬಟ್ಟೆಗೆ ಅಂಟಿಸಿದರೆ ಈ ತಾಪತ್ರಯವೇ ಇಲ್ಲ ಎಂಬ ವಾದವಿದೆ. ಪಾಲಿಯೆಸ್ಟರ್ ಜೆರ್ಸಿಗೆ ಆ ಮಾತು ಸರಿ, ಅಲ್ಲಿ ಡಿಟಿಜಿಗೆ ಹಟ ಹಿಡಿಯಬೇಕಿಲ್ಲ. ಆದರೆ ಎದೆ ತುಂಬ ಚಿತ್ರವಿರುವ ಹತ್ತಿ ಶರ್ಟಿನಲ್ಲಿ ಡಿಟಿಎಫ್ ಪದರ ಗಾಳಿಯಾಡಲು ಬಿಡದೆ ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ. ಚೆನ್ನಾಗಿ ಮಾಡಿದ ಡಿಟಿಜಿ ಬಟ್ಟೆಯಾಗಿಯೇ ಉಳಿಯುತ್ತದೆ. ಇನ್ನೊಂದು ಆಕ್ಷೇಪ, ದ್ರಾವಣ ಚೌಕಾಕಾರದ ಕಲೆ ಬಿಡುತ್ತದೆ, ಬಟ್ಟೆ ಬಿರುಸಾಗುತ್ತದೆ ಎಂಬುದು. ಇದು ನಿಜ. ಆದರೆ ಹೆಚ್ಚಿನ ಸಲ ಅತಿಯಾಗಿ ಸುರಿದಿದ್ದರ, ಪ್ರೆಸ್ಸಿನ ಶಾಖ ಮಿತಿಮೀರಿದ್ದರ ಫಲ. ಇದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು: ಶರ್ಟನ್ನು ಇಟ್ಟು ಸೊನ್ನೆಗೆ ತಂದು, ಸಿಂಪಡಿಸಿ ಮತ್ತೆ ಇಟ್ಟರೆ ಎಷ್ಟು ಗ್ರಾಂ ಬಿದ್ದಿದೆ ಎಂದು ಗೊತ್ತಾಗುತ್ತದೆ. ಉಳಿದದ್ದು ಖರ್ಚಿನ ಮಾತು. ತಿಳಿಬಣ್ಣದ ಶರ್ಟಿಗೆ ಬಿಳಿಯ ಹಾಸೇ ಬೇಡವಾದ್ದರಿಂದ ದ್ರಾವಣ ಕಡಿಮೆ ಸಾಕು, ಕೆಲವೊಮ್ಮೆ ಬೇಕಾಗುವುದೇ ಇಲ್ಲ. ಕಪ್ಪು ಶರ್ಟಿಗೆ ಮಾತ್ರ ಅದರ ಹಣವನ್ನು ಅಂಗಡಿಯವರು ಬಿಲ್ಲಿನಲ್ಲಿ ಬೇರೆ ಸಾಲಾಗಿಯೇ ಬರೆಯಲಿ. ಹಾಗೆ ಬರೆದಾಗ ಅಗ್ಗಕ್ಕೆ ಕೇಳುವ ಗಿರಾಕಿಗೆ ಯಾವುದನ್ನು ಬಿಡಬೇಕಾಗುತ್ತದೆ ಎಂದು ತೋರಿಸಬಹುದು. ಹೆಚ್ಚು ಕೊಡುವವರಿಗೂ ತಾವು ಯಾತಕ್ಕೆ ಕೊಡುತ್ತಿದ್ದೇವೆ ಎಂಬುದು ತಿಳಿಯುತ್ತದೆ.