ನಮ್ಮ ಮಕ್ಕಳ ಸಂಘಕ್ಕೆ ಬಾರದೆ ಉಳಿದವರು ಯಾರು?

ನಿಮ್ಮ ಬೀದಿಯಲ್ಲೂ ಹುಡುಗ ಹುಡುಗಿಯರ ಒಂದು ಸಂಘ ಇದ್ದೇ ಇರುತ್ತದೆ, ಅಲ್ಲವೇ? ಗಣೇಶನನ್ನು ಕೂರಿಸುವುದು, ರಾಜ್ಯೋತ್ಸವ, ಬೇಸಿಗೆಯಲ್ಲಿ ಚಿಕ್ಕ ಮಕ್ಕಳಿಗೆ ಶಿಬಿರ, ಎಲ್ಲದಕ್ಕೂ ಅವರೇ ಮುಂದು. ನಮ್ಮ ಬೀದಿಯ ಸಂಘದ ಸಭೆ ನಡೆಯುವುದು ನಮ್ಮ ಮನೆಯ ಜಗಲಿಯಲ್ಲೇ. ಮಗ ಕಾರ್ಯದರ್ಶಿ, ಒಗ್ಗರಣೆ ಅವಲಕ್ಕಿ, ಕಾಫಿ ಒದಗಿಸುವ ಕೆಲಸ ನನ್ನದು. ಮನೆಮನೆಗೆ ಹೋಗಿ ಹೇಳಿ ಬರುವ ಕಾಲ ಹೋಯಿತು. ಸುದ್ದಿಯೆಲ್ಲ ಈಗ ವಾಟ್ಸ್‌ಆ್ಯಪ್ ಗುಂಪಿನಲ್ಲೇ. "ಎಲ್ಲರಿಗೂ ಒಂದೇ ಸಲ ಗೊತ್ತಾಗುತ್ತಲ್ಲಮ್ಮ" ಅಂತ ಮಗ ಹೆಮ್ಮೆಪಡುತ್ತಿದ್ದ. ನಾನೂ ಹಾಗೇ ನಂಬಿದ್ದೆ.

ನಮ್ಮ ಎದುರು ಮನೆಯ ಹುಡುಗಿಗೆ ಕಣ್ಣು ಕಾಣುವುದಿಲ್ಲ. ಬಿ.ಎ. ಓದುತ್ತಿದ್ದಾಳೆ, ಇಂಪಾಗಿ ಹಾಡುತ್ತಾಳೆ. ಚಿಕ್ಕಂದಿನಲ್ಲಿ ನನ್ನ ಮಕ್ಕಳ ಜೊತೆ ಆಡಿ ಬೆಳೆದವಳು. ಗುಂಪಿನಲ್ಲಿ ಅವಳ ನಂಬರೂ ಇತ್ತು. ಆದರೂ ಒಂದು ವರ್ಷದಿಂದ ಯಾವ ಕಾರ್ಯಕ್ರಮಕ್ಕೂ ಬಂದಿರಲಿಲ್ಲ. "ಕಾಲೇಜು ಸೇರಿದ ಮೇಲೆ ನಾವೆಲ್ಲ ಅವಳಿಗೆ ಲೆಕ್ಕಕ್ಕಿಲ್ಲ" ಎಂದು ನಾನೇ ಒಂದಿಬ್ಬರ ಹತ್ತಿರ ಆಡಿಕೊಂಡಿದ್ದೆ. ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಹೋದ ರಾಜ್ಯೋತ್ಸವದ ಮಾರನೆಯ ದಿನ ಹೋಳಿಗೆ ಕೊಡಲು ಅವರ ಮನೆಗೆ ಹೋದೆ. "ನಿನ್ನೆ ನೀನ್ಯಾಕಮ್ಮ ಹಾಡಲಿಲ್ಲ?" ಅಂದೆ.

"ಮೈಕಿನ ಸದ್ದು ಕೇಳಿದ ಮೇಲೇ ನಂಗೆ ಗೊತ್ತಾಗಿದ್ದು ಆಂಟಿ" ಎನ್ನುತ್ತ ಫೋನು ತೆಗೆದು ಗುಂಪು ತೆರೆದಳು. ಬೆರಳು ಮುಟ್ಟಿದ್ದನ್ನೆಲ್ಲ ಅವಳ ಫೋನು ಗಟ್ಟಿಯಾಗಿ ಓದುತ್ತದೆ. ಆದರೆ ಅಲ್ಲಿ ಅದು ಹೇಳಿದ್ದು ಒಂದೇ ಮಾತು: "ಫೋಟೋ... ಫೋಟೋ... ಫೋಟೋ..." ಮಗ ರಾತ್ರಿ ನಿದ್ದೆಗೆಟ್ಟು ಬಣ್ಣಬಣ್ಣದ ಅಕ್ಷರಗಳಲ್ಲಿ ಮಾಡಿದ್ದ ಆಹ್ವಾನ ಪತ್ರಿಕೆಗಳು ಅವಳ ಪಾಲಿಗೆ ಅಷ್ಟೇ! "ಪ್ರತಿ ಸಲ ಏನು ಬರೆದಿದೆ ಅಂತ ಯಾರನ್ನ ಕೇಳಲಿ ಆಂಟಿ? ಸಂಕೋಚ ಆಗುತ್ತೆ" ಅಂದಳು. ನಾನು ಆಡಿಕೊಂಡ ಮಾತನ್ನು ಅವಳ ತಾಯಿಯ ಹತ್ತಿರ ಒಪ್ಪಿಕೊಂಡೆ. "ಅದು ನನ್ನ ಕಿವಿಗೂ ಬಿದ್ದಿತ್ತು ಕಣ್ರೀ" ಅಂದರು, ಅಷ್ಟೇ. ಹೋಳಿಗೆಯ ತಟ್ಟೆ ಹಿಡಿದು ನಾನು ತಲೆ ತಗ್ಗಿಸಿದೆ.

ಅವಳೇ ನನಗೆ ತಿಳಿಸಿಕೊಟ್ಟಿದ್ದು ಇದು: ಆಂಡ್ರಾಯ್ಡ್ ಫೋನುಗಳಲ್ಲಿ 'ಟಾಕ್‌ಬ್ಯಾಕ್' ಎಂಬ ಸೌಲಭ್ಯವಿದೆ. ಸೆಟ್ಟಿಂಗ್ಸ್‌ನಲ್ಲಿ 'ಆಕ್ಸೆಸಿಬಿಲಿಟಿ' ಎಂಬಲ್ಲಿ ಸಿಗುತ್ತದೆ. ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕನ್ನಡವನ್ನೂ ಓದುತ್ತದೆ. ಐಫೋನಿನಲ್ಲಿ ಇಂಥದ್ದೇ 'ವಾಯ್ಸ್‌ಓವರ್' 2009ರಿಂದ ಇದೆ. ಕಂಪ್ಯೂಟರಿಗೆ ಉಚಿತವಾಗಿ ಸಿಗುವ 'ಎನ್‌ವಿಡಿಎ'ಯನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್, ಸ್ವತಃ ಕಣ್ಣು ಕಾಣದವರು. ಟೈಪು ಮಾಡಿದ ಅಕ್ಷರವಾದರೆ ಇವೆಲ್ಲ ಸರಾಗವಾಗಿ ಓದುತ್ತವೆ. ಚಿತ್ರದೊಳಗೆ ಅಂಟಿಸಿದ ಅಕ್ಷರವಾದರೆ ತಡವರಿಸುತ್ತವೆ. ಬಳ್ಳಿಬಳುಕಿನ ಕನ್ನಡ ಅಕ್ಷರವಾದರಂತೂ ಕೇಳುವುದೇ ಬೇಡ.

ಹಾಗಾದರೆ ಪರಿಹಾರ? ಖರ್ಚಿಲ್ಲದ್ದು! ಚಿತ್ರ ಕಳಿಸಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ದಿನ, ಗಂಟೆ, ಜಾಗ, ಯಾರನ್ನು ಕೇಳಬೇಕು ಎಂಬುದನ್ನು ನಾಲ್ಕು ಸಾಲು ಟೈಪು ಮಾಡಿ. ಫೋಟೋ ಹಾಕಿದರೆ ಅದರಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಒಂದು ಸಾಲು ಬರೆಯಿರಿ. ಅಂದಿನಿಂದ ನಮ್ಮ ಸಂಘದಲ್ಲಿ ಇದೇ ನಿಯಮ.

ಒಂದು ಎಳೆ ಹಿಡಿದು ಎಳೆದರೆ ಇನ್ನಷ್ಟು ಬಿಚ್ಚಿಕೊಂಡಿತು. ಹಿಂದಿನ ಬೀದಿಯಲ್ಲಿ ಕಿವಿ ಕೇಳದ ಹುಡುಗನೊಬ್ಬನಿದ್ದಾನೆ. ನಾವು ಕಳಿಸುವ ಧ್ವನಿ ಸಂದೇಶ ಅವನಿಗೆ ಏನು ಪ್ರಯೋಜನ? ಆಡಿದ ಮಾತನ್ನು ಅಕ್ಷರವಾಗಿ ತೋರಿಸುವ 'ಲೈವ್ ಟ್ರಾನ್ಸ್‌ಕ್ರೈಬ್' ಎಂಬುದು 2019ರಲ್ಲಿ ಬಂದಿದೆ, ಕನ್ನಡಕ್ಕೂ ಆಗುತ್ತದೆ. ಆದರೆ ನಮ್ಮ ಜಗಲಿಯಲ್ಲಿ ಹತ್ತು ಜನ ಒಟ್ಟಿಗೆ ಮಾತಾಡಿದರೆ ಫೋನೂ ತಬ್ಬಿಬ್ಬು! ಒಬ್ಬರಾದ ಮೇಲೆ ಒಬ್ಬರು ಮಾತಾಡುವ ಅಭ್ಯಾಸ ಮೊದಲು ಬೇಕಾಯಿತು. ಇನ್ನು ಸಂಜ್ಞಾ ಭಾಷೆಯಲ್ಲೇ ಬೆಳೆದವರಿಗೆ ಅಕ್ಷರವೊಂದೇ ಸಾಲದು, ನಾಲ್ಕು ಸಂಜ್ಞೆಯನ್ನಾದರೂ ನಾವು ಕಲಿಯಬೇಕು. ಓದು ಬಾರದ ಹುಡುಗರಿಗೋ, ಧ್ವನಿ ಸಂದೇಶವೇ ವರ. ಹಾಗಾಗಿ ಒಂದೇ ಸುದ್ದಿ ಬರಹದಲ್ಲೂ ಇರಲಿ, ಧ್ವನಿಯಲ್ಲೂ ಇರಲಿ.

ಸ್ವಂತ ಫೋನೇ ಇಲ್ಲದ ಹೆಣ್ಣುಮಕ್ಕಳ ಪಾಡೇನು? ಅಪ್ಪನ ಫೋನು ರಾತ್ರಿ ಮನೆಗೆ ಬಂದಾಗಲೇ ಅವರಿಗೆ ಸುದ್ದಿ. "ಇನ್ನೊಂದು ಗಂಟೆಯಲ್ಲಿ ಸಭೆ" ಎಂದರೆ ಅವರು ಬರುವುದೆಂತು? ಎರಡು ದಿನ ಮೊದಲೇ ತಿಳಿಸಿ. ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸುವ ಹಳೇ ಪದ್ಧತಿಯನ್ನೂ ಬಿಡಬೇಡಿ.

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲೇ ಅಂಗವಿಕಲರು ಸುಮಾರು 13 ಲಕ್ಷ. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿದೆ. ಕಾಯಿದೆ ಇರುವುದೇನೋ ಸರಿ, ಆದರೆ ಬೀದಿಯ ಸಂಘಕ್ಕೆ ಅದು ತಾನಾಗಿ ನಡೆದು ಬರುವುದಿಲ್ಲ. "ನಿನಗೆ ಹೇಗೆ ಹೇಳಿದರೆ ಅನುಕೂಲ?" ಎಂದು ಬಾಯಿಬಿಟ್ಟು ಕೇಳಬೇಕಾದವರು ನಾವೇ.

ಎದುರು ಮನೆಯ ಹುಡುಗಿ ಈಗ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಗುಂಪಿಗೆ ಬರೀ ಚಿತ್ರ ಬಂದರೆ "ಅಕ್ಷರ ಎಲ್ರೋ?" ಎಂದು ಗದರುವವಳೂ ಅವಳೇ! ಹಿಂದಿನ ಬೀದಿಯ ಹುಡುಗ ಎರಡು ಸಲ ಬಂದ, ಮತ್ತೆ ಬರಲಿಲ್ಲ. ಏಕೆ ಎಂದು ಈ ಸಲ ಊಹಿಸಿಕೊಂಡು ಕೂರುವುದಿಲ್ಲ. ನಾಳೆ ಸಂಜೆ ಮಗನೂ ನಾನೂ ಅವರ ಮನೆಗೆ ಹೋಗಿ ಕೇಳಿ ಬರುತ್ತೇವೆ.

ಸೋದರಿಯರೇ, ನಿಮ್ಮ ಮಕ್ಕಳ ಗುಂಪಿನ ಹೆಸರುಗಳನ್ನು ಇವತ್ತೇ ಒಮ್ಮೆ ಓದಿಸಿ ನೋಡಿ. ಹೆಸರಿದ್ದೂ ಬಾರದವರು ಯಾರಿದ್ದಾರೆ? ಅವರ ಮನೆಯ ಬಾಗಿಲು ತಟ್ಟಿ.